ಖಾಲಿ ಸೀಟು

ನಂಜನಗೂಡಿನಲ್ಲಿ ಬ್ಯಾಟರಿ ಗಾಡಿ ಓಡಿಸುತ್ತಾ ಪ್ರವಾಸಿಗರಿಗೆ ದೇವಸ್ಥಾನ, ಹಳೇ ಸೇತುವೆ, ಸ್ನಾನಘಟ್ಟ ತೋರಿಸುವುದು ಆಗ ನನ್ನ ಕೆಲಸ. ಗಾಡಿ ಮಾಲೀಕರದು ಒಂದೇ ಕಟ್ಟಪ್ಪಣೆ: ಗೊತ್ತು ಮಾಡಿದವರನ್ನು ಬಿಟ್ಟು ಬೇರೆ ನರಪಿಳ್ಳೆಯೂ ಹತ್ತಕೂಡದು. ಹತ್ತಿಸಿದರೆ ಮಾರನೇ ದಿನದಿಂದ ಕೆಲಸಕ್ಕೆ ಬರೋದೇ ಬೇಡ.

ಒಂದು ದಿನ ಹುಬ್ಬಳ್ಳಿಯ ಗಂಡ ಹೆಂಡತಿಗೆ ಸ್ನಾನಘಟ್ಟ ತೋರಿಸಿ ಹೊರಟಿದ್ದೆ. ಕಪಿಲೆಯಲ್ಲಿ ಮುಳುಗೆದ್ದು ಬಂದ ಅಜ್ಜಿಯೊಬ್ಬಳು ಒದ್ದೆ ಸೀರೆಯಲ್ಲೇ ಹತ್ತಿ, "ಒಸಿ ಜರುಗವ್ವ" ಅಂತ ಆ ಹೆಂಗಸಿನ ಪಕ್ಕ ಕೂತೇಬಿಟ್ಟಳು.

"ಅವ್ವಾ, ಇದು ಇವರಿಬ್ಬರಿಗೇ ಅಂತ ಗೊತ್ತು ಮಾಡಿರೋ ಗಾಡಿ. ಇಳೀರಿ," ಅಂದೆ.

"ಸದ್ದಿಲ್ಲ, ಹೊಗೆ ಇಲ್ಲ, ದೇವಸ್ಥಾನದ್ದೇ ಇರ್ಬೇಕು. ಇಷ್ಟು ಜಾಗ ಖಾಲಿ ಬುಟ್ಕಂಡು ಓಯ್ತಾರೇನಪ್ಪಾ? ನಡಿ, ನಡಿ."

ನಮ್ಮ ಕಡೆ ಖಾಲಿ ಸೀಟಿಗೆ ಯಾರೂ ಅಪ್ಪಣೆ ಕೇಳುವುದಿಲ್ಲ. ಹುಬ್ಬಳ್ಳಿಯವರು ನಗುತ್ತಾ, "ಇರ್ಲಿ ಬಿಡ್ರಿ," ಅಂದರು. ಹೊರಟೆ.

ದೇವಸ್ಥಾನದ ಮುಂದೆ ಮಾಲೀಕರೇ ನಿಂತಿದ್ದರು! ಗಾಡಿಯಲ್ಲಿ ಮೂರನೆಯವಳನ್ನು ಕಂಡು ಅವರ ಮುಖ ಬಿಗಿಯಿತು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅವರು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಇಳಿದು, ಗಂಡ ಹೆಂಡತಿಯ ಕಡೆ ಕೈ ತೋರಿಸಿ ಅಂದಳು:

"ಇವ್ರನ್ನ ಬೈಬ್ಯಾಡಿ ಸಾಮಿ. ಪಾಪ, ಬ್ಯಾರೆ ಊರೋರು. ಜೊತೇಲಿ ಬರ್ಲಿ ಅಂತ ನಾನೇ ಸುಮ್ಕಿದ್ದೆ."

ಮಾಲೀಕರಿಗೆ ನಗು ತಡೆಯಲಾಗಲಿಲ್ಲ. ನನ್ನ ಕೆಲಸ ಉಳಿಯಿತು. ಆದರೂ ಮಾರನೇ ವಾರ ಹಿಂದಿನ ಸೀಟಿನ ಒರಗಿಗೆ 'ಖಾಸಗಿ' ಅಂತ ದೊಡ್ಡದೊಂದು ಬೋರ್ಡು ಬಂತು. ಅಜ್ಜಿ ದಿನಾ ಸ್ನಾನ ಮುಗಿಸಿ ಹತ್ತಿ, ಅದಕ್ಕೇ ಬೆನ್ನು ಒರಗಿಸಿ ಕೂರತೊಡಗಿದಳು.