ಯೀಸ್ಟ್ ಪಾಠದಲ್ಲಿ ನಾನು ಬಿಟ್ಟ ಜಾಗ

ನಮ್ಮ ಮನೆ ನಂಜನಗೂಡಿನಲ್ಲಿ. ದಿನಾ ಬಸ್ಸಿನಲ್ಲಿ ತಿ. ನರಸೀಪುರಕ್ಕೆ ಹೋಗಿ ಪದವಿ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ರೋಗ ತರುವ ಯೀಸ್ಟ್ ಶಿಲೀಂಧ್ರದ ಬಗ್ಗೆ ಪಾಠ ಮಾಡುವುದೆಂದರೆ ನನಗೆ ಒಂದು ಹಮ್ಮು, ಎಂ.ಎಸ್ಸಿ.ಯಲ್ಲಿ ಅದರ ಮೇಲೇ ಕೆಲಸ ಮಾಡಿದವಳು. ಕಳೆದ ಮಳೆಗಾಲದಲ್ಲಿ ಅದು ನನಗೇ ಗಂಟುಬಿತ್ತು. ಅದೂ ನಾವು ಹೆಂಗಸರು ಹೆಸರೆತ್ತದ ಜಾಗದಲ್ಲಿ.

ಬಸ್ಸಿನಲ್ಲಿ ಬ್ಯಾಗನ್ನು ತೊಡೆಯ ಮೇಲೆ ಅವುಚಿಕೊಂಡು, ಹಲ್ಲುಕಚ್ಚಿ ತುರಿಕೆ ತಡೆದುಕೊಳ್ಳುತ್ತಿದ್ದೆ. ನನ್ನ ಹಾಗೆ ಶುಗರ್ ಇದ್ದವರಿಗೆ ಇದು ಬರುತ್ತದೆ, ಮಾತ್ರೆಗೆ ಬಗ್ಗುತ್ತದೆ, ಎಲ್ಲ ಗೊತ್ತು. ಆದರೂ ಗಂಡ ಕೇಳಿದಾಗ "ಉಷ್ಣ" ಎಂದೆ. ಡಾಕ್ಟರಮ್ಮನ ಮುಂದೆಯೂ ಉಷ್ಣ, ಉರಿಮೂತ್ರ ಎಂದೆ. ಪಾಪ, ಅವರು ಅದಕ್ಕೆ ತಕ್ಕ ಆಂಟಿಬಯೋಟಿಕ್ ಬರೆದರು. ನುಂಗಿದ ಮೇಲೆ ತುರಿಕೆ ಇನ್ನೂ ಹೆಚ್ಚಿತು. ಯೀಸ್ಟನ್ನು ಹದ್ದುಬಸ್ತಿನಲ್ಲಿಡುವ ಬ್ಯಾಕ್ಟೀರಿಯಾ ಸತ್ತರೆ ಅದು ಹೆಚ್ಚುತ್ತದೆ ಎಂಬುದೂ ಗೊತ್ತಿತ್ತು! ದೀಪದ ಬುಡದಲ್ಲೇ ಕತ್ತಲೆ ಅಂದವರು ನನ್ನಂಥವಳನ್ನು ನೋಡಿಯೇ ಅಂದಿರಬೇಕು.

ಅದರ ನಡುವೆಯೇ ಆ ಪಾಠವೂ ಬಂತು. "ಈ ಯೀಸ್ಟ್ ನಮ್ಮ ಮೈಮೇಲೆ ಸುಮ್ಮನೆ ಇರುತ್ತೆ. ಅನುಕೂಲ ಸಿಕ್ಕರೆ ಎಳೆ ಬಿಟ್ಟು ಚರ್ಮದೊಳಕ್ಕೆ ನುಗ್ಗುತ್ತೆ. ಆ ಕಸುವು ಕೊಡೋದು ಅದರ ಕೋಶದೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ. ಅದು ಕೆಟ್ಟರೆ ಎಳೆ ಬಿಡೋಕಾಗದೆ ಸೊರಗುತ್ತೆ. ಹೊಸ ಔಷಧಿ ಹುಡುಕುವವರ ಕಣ್ಣೂ ಅದರ ಮೇಲೇ" ಎಂದು ಬೋರ್ಡಿನ ತುಂಬ ಚಿತ್ರ ಬರೆದೆ.

ತಗಡೂರು ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ಮೈಯಲ್ಲಿ ಎಲ್ಲೆಲ್ಲಿ ಬತ್ತದೆ ಮೇಡಂ?"

ಹಿಂದಿನ ಬೆಂಚಿನ ಹುಡುಗರು ಕಣ್ಣಿಗೆ ಬಿದ್ದರು. "ಬಾಯಲ್ಲಿ. ಉಗುರಿನ ಸಂದಿಯಲ್ಲಿ" ಎಂದು ಬೋರ್ಡ್ ಒರೆಸಿಬಿಟ್ಟೆ.

ಮುಂದಿನ ವಾರ ಅವಳು ಸ್ಟಾಫ್ ರೂಮಿಗೆ ಬಂದಳು. ಅಲ್ಲಿ ನಾನೊಬ್ಬಳೇ ಇದ್ದೆ.

"ಬ್ಯಾರೆ ಜಾಗ್ದಲ್ಲಿ ಬರಾಕಿಲ್ವಾ ಮೇಡಂ?"

ಅವಳು ಈ ಕಾಲಿಂದ ಆ ಕಾಲಿಗೆ ಮೈಭಾರ ಹಾಕುತ್ತಿದ್ದಳು. ಆ ಸಂಕಟ ನನಗೆ ಚೆನ್ನಾಗಿ ಗೊತ್ತಿತ್ತು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಬರುತ್ತೆ ಕಣಮ್ಮ. ಯಾವಾಗಿಂದ?"

"ಯುಗಾದಿಯಿಂದ. ಅವ್ವಂಗೂ ಯೋಳಿಲ್ಲ. ನೀವು ಬಾಯಲ್ಲಿ ಅಂದ್ರಲ್ಲ, ಅಂಗಾರೆ ನಂದು ಆ ಕಾಯ್ಲೆ ಅಲ್ಲ, ನಾನೇ ಗಲೀಜು ಅನ್ಕಂಡೆ. ದಿನಾ ಸೋಪಾಕಿ ಉಜ್ದೆ. ಈಗ ಗಾಯ ಆಗ್ಬುಟ್ಟದೆ."

ಸಂಜೆ ಅವಳನ್ನು ಅದೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಯಾವ ಯೀಸ್ಟ್, ಎಲ್ಲಿ ತುರಿಕೆ, ಎಲ್ಲಿ ಗಾಯ ಎಂದು ಅವಳ ಪರವಾಗಿ ನಾನೇ ಹೇಳಿದೆ. ಕಾಯಿಲೆ ಬೇರೆಯವರದಾದರೆ ನಾಲಿಗೆ ಎಷ್ಟು ಸಲೀಸು! ಹುಡುಗಿ ತಲೆ ಎತ್ತದೆ ಕೂತಿದ್ದಳು.

ಡಾಕ್ಟರಮ್ಮ ಚೀಟಿ ಬರೆಯುತ್ತ ನನ್ನನ್ನು ಕೇಳಿದರು: "ನಿಮ್ಮ ಉಷ್ಣ ವಾಸಿಯಾಯ್ತಾ?"

ಹೂಂ ಎನ್ನುವುದು ಬಾಯಿ ತುದಿಗೆ ಬಂದಿತ್ತು. ಹಾಗೆಂದಿದ್ದರೆ ಆ ಕೋಣೆಯಲ್ಲಿ ಅವಳೊಬ್ಬಳೇ ಗಲೀಜಾಗಿ ಉಳಿಯುತ್ತಿದ್ದಳು.

"ಅದು ಉಷ್ಣ ಅಲ್ಲ ಡಾಕ್ಟ್ರೇ. ನನಗೂ ಇದೇ. ಗೊತ್ತಿದ್ದೂ ಸುಳ್ಳು ಹೇಳಿದೆ."

ಹುಡುಗಿ ತಟ್ಟನೆ ತಲೆ ಎತ್ತಿದಳು. "ನಿಮ್ಗೂವಾ ಮೇಡಂ?" ಅವಳ ಮುಖಕ್ಕೆ ಮೊದಲು ಸಮಾಧಾನ ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ಆ ಸಿಟ್ಟು ನ್ಯಾಯವಾಗಿತ್ತು. ಈಗ ತಲೆ ತಗ್ಗಿಸುವ ಸರದಿ ನನ್ನದಾಯಿತು.