ಮಾಯಣ್ಣನ ಫ್ಲೆಕ್ಸ್ ದಂಡಯಾತ್ರೆ

ಸಿಂಧಘಟ್ಟದ ಮಾಯಣ್ಣ ಹುಟ್ಟಿದಾಗ ಅತ್ತ ಅಳುವಿಗೆ ಪಕ್ಕದ ಕೇರಿಯ ಎಮ್ಮೆ ಅಂದು ಹಾಲೇ ಕೊಡಲಿಲ್ಲವಂತೆ. ಹೇಳುವವರು ಅವನ ಊರಿನವರೇ ಆದ್ದರಿಂದ ಇದರಲ್ಲಿ ಅರ್ಧ ನಂಬಬಹುದು. ಉಳಿದರ್ಧ ನಂಬಬೇಕಾದರೆ ಗಂಜಾಂಗೆ ಬರಬೇಕು. ಅಲ್ಲಿ ಕಬಡ್ಡಿ ಕ್ಲಬ್ಬಿನ ತಗಡಿನ ಶೆಡ್ಡಿನಲ್ಲಿ ನಿಂತು ಅವನು “ಹಿಡ್ಕಳ್ರಲಾ ಕಾಲ!” ಎಂದು ಕೂಗಿದರೆ, ನಿಮಿಷಾಂಬ ಗುಡಿಯ ಮೆಟ್ಟಿಲಲ್ಲಿ ಕಾವೇರಿಗೆ ಮುಳುಗು ಹಾಕಿದವರೂ ತಲೆ ಎತ್ತಿ ನೋಡುತ್ತಾರೆ.

ಪ್ರಾಯದಲ್ಲಿ ಅವನೂ ಆಡಿದವನೇ. ಎಡಗೈಯ ಕಿರುಬೆರಳು ಇಂದಿಗೂ ಉಳಿದ ಬೆರಳುಗಳ ಜೊತೆ ಮಾತು ಬಿಟ್ಟಂತೆ ಸೊಟ್ಟಗೆ ಹೊರಗೆ ತಿರುಗಿಕೊಂಡಿದೆ. ಐವತ್ತು ದಾಟಿದ ಮೇಲೆ ಕ್ಲಬ್ಬಿನ ಮ್ಯಾನೇಜರ್ ಆದ. ಆಟಗಾರರಿಗೆ ಸಂಬಳ ಕೊಟ್ಟು ರಾಜ್ಯದ ಲೀಗಿನಲ್ಲಿ ಆಡಿಸುವ ಕ್ಲಬ್ಬು ಅದು. ಮಾಲೀಕರು ಪಾಂಡವಪುರದ ಲಾರಿ ಸಾಹುಕಾರ ಜಯಕುಮಾರ್. ಹುಡುಗರ ಊಟ, ಬಟ್ಟೆ, ಬಸ್ಸು, ಜಗಳ, ಜ್ವರ ಎಲ್ಲವೂ ಮಾಯಣ್ಣನ ರಾಜ್ಯಭಾರ. ಆ ರಾಜ್ಯಭಾರಕ್ಕೆ ಅವನ ಬತ್ತಳಿಕೆಯಲ್ಲಿದ್ದದ್ದು ಎರಡೇ ಅಸ್ತ್ರ: ಒಂದು ಬಾಡೂಟ, ಇನ್ನೊಂದು ಫ್ಲೆಕ್ಸ್.

ಗೆದ್ದರೆ ಬಾಡೂಟ, ಸೋತರೆ ಇನ್ನೂ ಖಾರದ ಬಾಡೂಟ. ಫ್ಲೆಕ್ಸಿಗಂತೂ ನೆಪವೇ ಬೇಡ. ಆಟಗಾರರ ಹುಟ್ಟುಹಬ್ಬಕ್ಕೆ ಹಾಕಿಸಿದ. ಅಡುಗೆಯ ಕುಳ್ಳಮ್ಮನ ಮೊಮ್ಮಗಳು ಎಸ್ಸೆಸ್ಸೆಲ್ಸಿ ಪಾಸಾದದ್ದಕ್ಕೆ ಹಾಕಿಸಿದ. ಕ್ಲಬ್ಬಿನ ಕೊಳವೆ ಬಾವಿಯಲ್ಲಿ ನೀರು ಬಿದ್ದದ್ದಕ್ಕೆ, ನೀರಿಗೇ ಅಭಿನಂದನೆ ಕೋರಿ ಹಾಕಿಸಿದ. ಪ್ರತಿಯೊಂದರ ಮೂಲೆಯಲ್ಲೂ ಕಪ್ಪು ಕನ್ನಡಕ ತೊಟ್ಟು ಕೈಮುಗಿದ ಮಾಯಣ್ಣ. ಮೂಲೆ ಎಂಬುದು ಮಾತಿಗೆ. ಅಳತೆ ಹಿಡಿದರೆ ಅರ್ಧ ಫ್ಲೆಕ್ಸ್ ಅವನದೇ.

ಇಂಥ ಮಹಾರಥಿಯನ್ನು ಮಣಿಸಲು ಒಬ್ಬ ತೆಳ್ಳನೆಯ ಹುಡುಗ ಸಾಕಾದ.

ಶೋಯಬ್ ಶ್ರೀರಂಗಪಟ್ಟಣದವನು, ಕ್ಲಬ್ಬಿನ ಮುಖ್ಯ ರೈಡರ್. ನಡುಗೆರೆ ದಾಟಿ, ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಎದುರಾಳಿಗಳನ್ನು ಮುಟ್ಟಿ ಬರುವುದು ಅವನ ಕೆಲಸ. ಹೋದ ಸಲದ ಸೆಮಿಫೈನಲ್ಲಿನಲ್ಲಿ ಕೊನೆಯ ರೈಡಿಗೆ ಹೋದವನು, ನಡುಗೆರೆ ದಾಟಿದ್ದೇ ನಿಂತುಬಿಟ್ಟ. ಬಾಯಿ ಕಟ್ಟಿತು, ಕಾಲೂ ಕಟ್ಟಿತು. ಕ್ಲಬ್ಬು ಸೋತಿತು. ಯಾರೋ ಪುಣ್ಯಾತ್ಮರು ಆ ವಿಡಿಯೊಗೆ ‘ಲೈಟು ಕಂಬ’ ಎಂದು ಹೆಸರಿಟ್ಟು ಮೊಬೈಲಿಗೆ ಬಿಟ್ಟರು. ಕೆ.ಆರ್. ಪೇಟೆಯಿಂದ ನಾಗಮಂಗಲದವರೆಗೆ ಜನ ಟೀ ಕುಡಿಯುತ್ತ ನಕ್ಕರು. ಅಲ್ಲಿಂದೀಚೆಗೆ ಹುಡುಗನಿಗೆ ಊಟ ಸೇರದು, ನಿದ್ದೆ ಹತ್ತದು. ಅಭ್ಯಾಸದಲ್ಲೂ ನಡುಗೆರೆಯ ಹತ್ತಿರ ಬಂದರೆ ಉಸಿರು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಜಯಕುಮಾರ್ ಒಂದೇ ಮಾತು ಹೇಳಿದರು: “ಬರೋ ಭಾನ್ವಾರ ನಮ್ಮೂರಲ್ಲೇ ಮ್ಯಾಚು. ಅವ್ನು ಆಡ್ಬೇಕು. ಆಡಕ್ಕಾಗ್ದಿದ್ರೆ ಮನೆಗೆ ಕಳ್ಸುಬುಡು ಮಾಯಣ್ಣ, ಬೇರೆಯವ್ನ ತರಾಣ.”

ಕ್ಲಬ್ಬಿನಿಂದ ಹೊರಬಿದ್ದರೆ ಶೋಯಬ್ ಮತ್ತೆಂದೂ ಮ್ಯಾಟು ತುಳಿಯಲಾರ. ಇದು ಮಾಯಣ್ಣನಿಗೆ ಗೊತ್ತಿತ್ತು. ಹುಡುಗನನ್ನು ಉಳಿಸಿಕೊಳ್ಳಲೇಬೇಕು. ಮೊದಲ ಅಸ್ತ್ರ ತೆಗೆದ. ಪೇಟೆಯ ಶಹಾಬುದ್ದೀನನ ಕೈಲೇ ಕುರಿ ಕುಯ್ಯಿಸಿ, ಹಲಾಲೋ ಅಲ್ಲವೋ ಎಂಬ ಅನುಮಾನ ಹುಡುಗನ ಮನಸ್ಸಿಗೆ ಬಾರದಂತೆ ಬಾಡೂಟ ಹಾಕಿಸಿದ. ತಟ್ಟೆಯಲ್ಲಿ ಮುದ್ದೆ ಮುಳುಗುವಷ್ಟು ಸಾರು. “ತಿನ್ಲಾ, ಒಟ್ಟೆ ತುಂಬುದ್ರೆ ಎಲ್ಲಾ ಸರೋಯ್ತದೆ.” ಶೋಯಬ್ ಎರಡು ತುತ್ತು ತಿಂದು, ಕೈತೊಳೆಯುತ್ತೇನೆಂದು ಎದ್ದು ಹೋಗಿ, ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತ. ಮಾಯಣ್ಣನ ಬದುಕಿನಲ್ಲಿ ಬಾಡೂಟ ಸೋತದ್ದು ಅದೇ ಮೊದಲು.

ಆಗ ಅವನಿಗೆ ಲೀಗಿನವರ ಸಭೆ ನೆನಪಾಯಿತು. ಅಲ್ಲಿ ಮೇಘನ ಎಂಬ ಮನೋವೈದ್ಯೆ, ಆಟಗಾರರ ಮನಸ್ಸಿನ ಆರೋಗ್ಯವೂ ಕ್ಲಬ್ಬಿನ ಹೊಣೆ ಎಂದು ವಿವರವಾಗಿ ಮಾತಾಡಿದ್ದರು. ವಡೆಯ ಕಡೆ ಗಮನವಿದ್ದ ಮಾಯಣ್ಣನ ಕಿವಿಗೆ ಒಂದು ವಾಕ್ಯ ಮಾತ್ರ ಬಿದ್ದಿತ್ತು: “ಕ್ಲಬ್ ತನ್ನ ಬೆನ್ನಿಗಿದೆ ಅಂತ ಆಟಗಾರನಿಗೆ ಗೊತ್ತಾಗಬೇಕು.” ಗೊತ್ತಾಗುವುದು ಹೇಗೆ? ಆ ಪ್ರಶ್ನೆಗೆ ಮಂಡ್ಯ ಸೀಮೆಯಲ್ಲಿ ಒಂದೇ ಉತ್ತರ.

ಎರಡು ದಿನದಲ್ಲಿ ಗಂಜಾಂ, ಪಾಂಡವಪುರ, ಬೂಕನಕೆರೆ, ಕೆ.ಆರ್. ಪೇಟೆ, ನಾಗಮಂಗಲ, ಎಲ್ಲ ವೃತ್ತಗಳಲ್ಲೂ ಫ್ಲೆಕ್ಸ್ ಎದ್ದವು. “ಮಾನಸಿಕ ಕಾಯಿಲೆಯಿಂದ ಬಳಲುತ್ತಿರುವ ನಮ್ಮ ಹೆಮ್ಮೆಯ ಹುಲಿ ಶೋಯಬ್ ಶೀಘ್ರ ಗುಣಮುಖರಾಗಲಿ. ಧೈರ್ಯವಾಗಿರು, ನಾವಿದ್ದೇವೆ!” ಕೆಳಗೆ ಕಪ್ಪು ಕನ್ನಡಕದ ಮಾಯಣ್ಣ. ಹುಲಿಯ ಚಿತ್ರ ಬೆಂಕಿಪೆಟ್ಟಿಗೆಯಷ್ಟು.

ಮರುದಿನ ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ಶೋಯಬನ ತಾಯಿ ಇಮಾಮ್ ಬೀ ನಿಂತಿದ್ದರು. ಹಿಂದೆ, ಬಟ್ಟೆಯ ಬ್ಯಾಗು ಹೆಗಲಿಗೆ ಹಾಕಿಕೊಂಡ ಶೋಯಬ್.

“ಬನ್ನಿ ಅಕ್ಕಾ, ಬನ್ನಿ! ನೋಡುದ್ರಾ ಫ್ಲೆಕ್ಸಾ?” ಎಂದ ಮಾಯಣ್ಣ ಹಿಗ್ಗಿನಿಂದ.

“ನೋಡ್ದೆ ಮಾಯಣ್ಣ. ನಾನು ನೋಡ್ದೆ, ಹಾಲಿನೋನು ನೋಡ್ದ, ಇವನಿಗೆ ಹೆಣ್ ಕೊಡ್ತೀವಿ ಅಂದಿದ್ದ ಪಾಂಡವಪುರದ ಬೀಗರು ಬಸ್ ನಿಲ್ಸಿ ಇಳಿದು ನೋಡುದ್ರು. ಯಾ ಅಲ್ಲಾ! ನಿಮ್ಮನೇಲಿ ಯಾರ್ಗಾದ್ರೂ ಬೇಧಿ ಆದ್ರೂ ಫ್ಲೆಕ್ಸ್ ಹಾಕಿಸ್ತೀಯೇನಪ್ಪಾ?”

ಮಾಯಣ್ಣ ಬಾಯಿ ತೆರೆದ. ಬೂಕನಕೆರೆಯ ಸಂತೆಯಲ್ಲಿ ಮೈಕು ಕೈಕೊಟ್ಟಾಗ ಮೈಕಿಲ್ಲದೇ ಎರಡು ತಾಸು ಭಾಷಣ ಮಾಡಿದ್ದ ಆ ಬಾಯಿ, ಬಿಸಿಲಿಗೆ ಬಿಟ್ಟ ಮೀನಿನಂತೆ ತೆರೆದು ಮುಚ್ಚಿತು. ಶೋಯಬ್ ನೆಲ ನೋಡುತ್ತಲೇ ಹೇಳಿದ: “ಹೋಗ್ತೀನಿ ಮಾಯಣ್ಣ. ಅವತ್ತು ಕಂಬ ಆಗಿದ್ದೆ. ಈಗ ಕಂಬಕ್ಕೆಲ್ಲಾ ನನ್ನೇ ನೇತಾಕವ್ರೆ.”

ಬೇರೆ ಯಾರಾದರೂ ಆಗಿದ್ದರೆ ‘ಒಳ್ಳೇದಕ್ಕೇ ಮಾಡಿದೆ’ ಎಂದು ವಾದಿಸುತ್ತಿದ್ದರು. ಮಾಯಣ್ಣ ಒಳಗೆ ಹೋಗಿ, ಒಂದು ಬಿದಿರ ಗಳುವಿನ ತುದಿಗೆ ಕುಡುಗೋಲು ಬಿಗಿದು ತಂದು, ತನ್ನ ಟೀವಿಎಸ್ಸನ್ನು ಒದ್ದು ಚಾಲು ಮಾಡಿದ.

“ಅಕ್ಕಾ, ಸಂಜೆಗಂಟ ಟೈಮ್ ಕೊಡಿ. ಒಂದೂ ಉಳ್ಸಕಿಲ್ಲ. ಶೋಯಬಾ, ಗಾಡಿ ಇಡ್ಕಳಕ್ಕೆ ಒಬ್ರು ಬೇಕು ಕಣ್ಲಾ. ಬಾ. ಆಮ್ಯಾಕೆ ಎಲ್ಲಿಗಾರಾ ಓಗು.”

ಹೀಗೆ ದಂಡಯಾತ್ರೆ ಹೊರಟಿತು. ಹಿಂದಿನ ಕಾಲದ ದಂಡುಗಳು ಬಾವುಟ ನೆಡುತ್ತ ಹೋಗುತ್ತಿದ್ದವು. ಇದು ಕೀಳುತ್ತ ಹೋಯಿತು. ನಟ್ಟ ನಡುಹಗಲು, ಎಲ್ಲರ ಕಣ್ಣೆದುರೇ. ಗಂಜಾಂ ಬಿತ್ತು. ಪಾಂಡವಪುರ ಬಿತ್ತು. ಬೂಕನಕೆರೆಯ ವೃತ್ತದಲ್ಲಿ ಮಾಯಣ್ಣ ಕಂಬ ಹತ್ತಿದಾಗ ಟೀ ಅಂಗಡಿಯ ಮಂಚಯ್ಯ ಕೂಗಿದ: “ಏನ್ಲಾ ಮಾಯಾ, ನಿನ್ ಕತ್ತ ನೀನೇ ಕುಯ್ಕತಾ ಇದೀಯಾ?”

“ಊಂ ಕಣ್ಲಾ! ಭಾಳ ಬೆಳ್ದಿತ್ತು!”

ಅಷ್ಟರಲ್ಲಿ ಮೇಲಿನ ಹಗ್ಗ ಕಳಚಿ, ಕಪ್ಪು ಕನ್ನಡಕದ ಮಹಾಮುಖ ಇಡಿಯಾಗಿ ಗಾಳಿಯಲ್ಲಿ ತೇಲಿ ಬಂದು ಶೋಯಬನನ್ನೂ ಗಾಡಿಯನ್ನೂ ಮುಚ್ಚಿಬಿಟ್ಟಿತು. ಫ್ಲೆಕ್ಸಿನ ಅಡಿಯಿಂದ ಒಂದು ಸದ್ದು ಕೇಳಿತು. ಕೆಮ್ಮೋ ಅಳುವೋ ಎಂದು ಮಾಯಣ್ಣ ಕಂಬ ಜಾರಿ ಓಡಿ ಬಂದ. ನಗು. ತಿಂಗಳುಗಳ ನಂತರದ, ತುಕ್ಕು ಹಿಡಿದ ಬಾಗಿಲು ತೆರೆದಂಥ ಒಂದು ಸಣ್ಣ ನಗು.

ಆದರೆ ನಿಜವಾದ ಪರಾಕ್ರಮ ನಡೆದದ್ದು ಕೆ.ಆರ್. ಪೇಟೆಯಲ್ಲಿ. ಅಲ್ಲಿ ಗಂಟುಗಳು ಬಿಗಿಯಾಗಿದ್ದವು, ಕಟ್ಟಿಸಿದವನು ಮಾಯಣ್ಣನೇ. ಎರಡೂ ಕೈಯಿಂದ ಬಿಡಿಸುತ್ತ ಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ. ಕೆಳಗೆ ಗಾಡಿಗೊರಗಿ ನಿಂತ ಶೋಯಬ್ ತನಗೆ ತಾನೇ ಎಂಬಂತೆ ಮಾತು ತೆಗೆದ.

“ಅವತ್ತು ಭಯ ಆಗಿದ್ದಲ್ಲ ಅಣ್ಣ. ಎಲ್ರೂ ಭಯ ಅಂತಾರೆ. ಏನೂ ಕೇಳಿಸ್ತಾ ಇರ್ಲಿಲ್ಲ. ಜನ ಬಾಯಿ ಬಡ್ಕೊಳ್ಳೋದು ಕಾಣ್ತಿತ್ತು, ಸದ್ದೇ ಇಲ್ಲ. ನನ್ ಕೈ ಯಾರದೋ ಅನ್ನುಸ್ತು.”

ಮಾಯಣ್ಣನ ಒಳಗೆ ಒಂದು ಗಾದೆ, ಎರಡು ಬೈಗುಳ ಮತ್ತು ಒಂದು ಧೈರ್ಯದ ಭಾಷಣ ಒಟ್ಟಿಗೇ ಗಂಟಲಿಗೆ ನುಗ್ಗಿದವು. ಬಾಯಲ್ಲಿ ಹಗ್ಗ. “ಊಂ” ಎಂದ.

ಮಾತು ತುಂಡರಿಸುವವರಿಲ್ಲದೆ ಶೋಯಬ್ ಮುಂದುವರಿದ. ರಾತ್ರಿ ಮೊಬೈಲು ಮುಟ್ಟಲು ಹೆದರುವುದನ್ನು ಹೇಳಿದ. ಕೊನೆಗೆ, “ಆಡ್ಬೇಕು ಅಂತ ಆಸೆ ಇದೆ ಅಣ್ಣ. ಭಾನುವಾರ ಆಗಲ್ಲ. ಯಾವಾಗ ಆಗುತ್ತೋ ಗೊತ್ತಿಲ್ಲ. ಕಾಯೋಕೆ ಯಾರಿಗೂ ಟೈಮಿಲ್ಲ,” ಎಂದ.

ಗಂಟು ಆಗಲೇ ಬಿಚ್ಚಿತ್ತು. ಮಾಯಣ್ಣ ಮಾತ್ರ ಹಗ್ಗ ಬಾಯಿಂದ ತೆಗೆಯಲಿಲ್ಲ. ಹುಡುಗನ ಮಾತು ಮುಗಿಯುವವರೆಗೂ ಕಂಬದ ಮೇಲೆ ಹಾಗೇ, ಹಗ್ಗ ಕಚ್ಚಿಕೊಂಡು ಕುಳಿತಿದ್ದ. ನಾಗಮಂಗಲಕ್ಕೆ ಹೋಗಿ ಅಲ್ಲಿಯದನ್ನೂ ಇಳಿಸಿಕೊಂಡು ಪಾಂಡವಪುರಕ್ಕೆ ಮರಳುವವರೆಗೆ ತುಟಿ ಬಿಚ್ಚಲಿಲ್ಲ. ಮಾಯಣ್ಣನ ವಂಶದಲ್ಲಿ ಇಂಥ ತಪಸ್ಸು ಹಿಂದೆ ನಡೆದದ್ದಿಲ್ಲ.

ಜಯಕುಮಾರ್ ತಮ್ಮ ಲಾರಿ ಶೆಡ್ಡಿನಲ್ಲಿದ್ದರು. ಶೋಯಬನನ್ನು ಹೊರಗೆ ಗಾಡಿಯ ಬಳಿ ಬಿಟ್ಟು ಮಾಯಣ್ಣ ಒಳಗೆ ಹೋದ.

“ಸಾವ್ಕಾರ್ರೆ, ಓದ್ ವರ್ಸ ನಮ್ ಟೀಮಿನ ಅಪ್ಪು ಮಂಡಿ ಚಿಪ್ಪು ಒಡೀತಲ್ಲ. ಏನ್ ಮಾಡುದ್ರಿ?”

“ಆಪರೇಸನ್ ಮಾಡ್ಸಿದೆ. ಯಾಕಯ್ಯ ಇಷ್ಟ್ ಮೆತ್ತಗ್ ಮಾತಾಡ್ತಿದೀಯ, ಉಸಾರಿಲ್ವಾ?”

“ಸಂಬ್ಳ?”

“ಅದ್ನೂ ಕೊಟ್ಟೆ. ನಮ್ ಮ್ಯಾಟ್ ಮೇಲೆ ಒಡೆದದ್ದು, ಕೊಡ್ದೆ ಆಯ್ತದಾ?”

“ಈ ಹುಡ್ಗನ ಉಸುರು ಎಲ್ ನಿಂತೋಯ್ತು? ನಮ್ ಮ್ಯಾಟ್ ಮ್ಯಾಲೇ ಅಲ್ವರಾ?”

“ಮಂಡಿ ಎಕ್ಸ್‌ರೇಲಿ ಕಾಣ್ತಿತ್ತು ಕಣಯ್ಯ. ಇದು ಎಲ್ ಕಾಣ್ತದೆ?”

ಮಾಯಣ್ಣ ಪಕ್ಕದಲ್ಲಿದ್ದ ಲಾರಿಯ ಮೂತಿ ತಟ್ಟಿದ. “ನಿಮ್ ಗಾಡಿ ಬಿಸಿಯಾಗಿ ಸಂತೆಮಾಳದ ಏರಲ್ಲಿ ನಿಂತ್ರೆ, ಡ್ರೈವರ್ಗೆ ಏನ್ ಏಳ್ತೀರಿ? ಹಿಂದಿಂದ ಒದ್ದು ಓಡ್ಸು ಅಂತೀರಾ?”

“ಆರಕ್ ಬುಡ್ಲಾ, ರೇಡಿಯೇಟರ್ ಮುಚ್ಳ ಮುಟ್ಬ್ಯಾಡ ಅಂತೀನಿ.” ಹೇಳಿ ಮುಗಿಸಿದ ಮೇಲೆ ಜಯಕುಮಾರ್‌ಗೆ ತಾವೇನು ಹೇಳಿದೆವೆಂಬುದು ಕೇಳಿಸಿತು. ಹೊರಗೆ ನಿಂತ ಹುಡುಗನನ್ನು ನೋಡಿದರು.

“ನಾ ಮುಚ್ಳ ತಗದು ಬಿಸ್ನೀರು ಅವನ ಮುಖಕ್ಕೇ ಚಿಮ್ಮುಸ್ಬುಟ್ಟೆ ಸಾವ್ಕಾರ್ರೆ. ತಪ್ಪು ನಂದೇ. ಅಪ್ಪುಗೆ ಏನ್ ಮಾಡುದ್ರೋ ಇವನ್ಗೂ ಅದೇ ಮಾಡಿ.”

“ಸಂಬ್ಳ ನಡೀಲಿ. ಆ ಡಾಕ್ಟ್ರಮ್ಮನ್ನೂ ಕರೆಸು,” ಎಂದರು ಜಯಕುಮಾರ್. “ಸೋತ್ರೆ ನಿನ್ನ ತೂಗಾಕ್ತೀನಿ ನೋಡು.”

“ಕಂಬ ಕಾಲಿ ಐತೆ ಬುಡಿ.”

ಭಾನುವಾರ ಕ್ಲಬ್ಬು ಸೋತಿತು. ಮಾಯಣ್ಣ ಖಾರದ ಬಾಡೂಟವನ್ನೇನೋ ಹಾಕಿಸಿದ, ಯಾರಿಗೂ ತಿನ್ನಲು ಒತ್ತಾಯ ಮಾಡಲಿಲ್ಲ. ಮೇಘನ ವಾರಕ್ಕೊಮ್ಮೆ ಬರತೊಡಗಿದರು. ಮೊದಲು ಶೋಯಬನಿಗಾಗಿ, ಆಮೇಲೆ ಗುಟ್ಟಾಗಿ ಇನ್ನೂ ಕೆಲವರಿಗಾಗಿ. ಯಾರು ಯಾರು ಎಂಬುದು ಮಾಯಣ್ಣನಿಗೆ ಗೊತ್ತು. ಕೇಳಿದರೆ “ಊಂ” ಎನ್ನುತ್ತಾನೆ. ಫ್ಲೆಕ್ಸುಗಳನ್ನು ಇಮಾಮ್ ಬೀ ತಮ್ಮ ಮೇಕೆ ಕೊಟ್ಟಿಗೆಗೆ ಹೊದಿಸಿದರು, ಮುಖ ಆಕಾಶಕ್ಕೆ ಮಾಡಿ. ಒಳಗೆ ಮಾಡಿದರೆ ಮೇಕೆಗಳು ಬೆದರುತ್ತವಂತೆ. ಪಾಂಡವಪುರದ ಬೀಗರು ಇನ್ನೂ ಯೋಚಿಸುತ್ತಿದ್ದಾರೆ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ, ಮಾಯಣ್ಣ ಶೆಡ್ಡಿನ ಬಾಗಿಲಲ್ಲಿ ಹೊರಗೆ ಮುಖ ಮಾಡಿ ಕುಳಿತು ಹಗ್ಗ ಸುತ್ತುತ್ತಿದ್ದ. ಹಿಂದೆ ಮ್ಯಾಟಿನ ಮೇಲೆ ಬರಿಗಾಲ ಸದ್ದಾಯಿತು. ಹೆಜ್ಜೆ ನಡುಗೆರೆಯ ಹತ್ತಿರ ನಿಂತಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಸಣ್ಣ ದನಿಯಲ್ಲಿ, ಒಡೆದ ಉಸಿರಿನಲ್ಲಿ, “ಕಬಡ್ಡಿ… ಕಬಡ್ಡಿ, ಕಬಡ್ಡಿ…” ಗೆರೆಯ ಆಚೆಗೂ ಅದು ನಡೆಯಿತು.

ಮೂರು ತಾಲ್ಲೂಕಿಗೆ ಕೇಳುವಂಥ ಒಂದು ಕೂಗು ಮಾಯಣ್ಣನ ಎದೆಯಿಂದ ಎದ್ದು ಬಂತು. ಅವನು ತಿರುಗಿ ನೋಡಲಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ಸುರುಳಿ ಸುತ್ತಿ ಬಾಯಿಗೆ ತುರುಕಿಕೊಂಡು, ಕಣ್ಣು ಒದ್ದೆ ಮಾಡಿಕೊಂಡು, ಹಗ್ಗ ಸುತ್ತುತ್ತಲೇ ಕುಳಿತ.