ಸೊಪ್ಪು ಟೇಲರ್ ಮೇಯಿಸಿದ ಕೋಳಿಗಳು

ಪೇಟೆಯ ಹಿಂದಿನ ಓಣಿಯ ದರ್ಜಿಗೆ ಸೊಪ್ಪು ಟೇಲರ್ ಎಂಬ ಹೆಸರು ಅಂಟಿದ್ದು ಅವನ ಬಾಯಿಂದಲೇ. ಹರೆಯದಲ್ಲಿ ಯಾರದೋ ಭಾಷಣ ಕೇಳಿ ಬಂದವನು ಮೀನು, ಮಾಂಸ, ಮೊಟ್ಟೆ, ಕಡೆಗೆ ಹಾಲಿಗೂ ಒಂದೇ ದಿನ ಕೈಮುಗಿದುಬಿಟ್ಟಿದ್ದ. ಬಿಟ್ಟವನು ಸುಮ್ಮನಿದ್ದನೇ? ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿ, ಬಿಗಿಹಿಡಿದು, “ಇದು ಕುರಿ ಕೂತಿರೋ ಹೊಟ್ಟೆ ಸ್ವಾಮಿ, ಇಳಿಸಿ” ಎಂದು ಶುರುಮಾಡುತ್ತಿದ್ದ. ಟೇಪಿನೊಳಗೆ ಸಿಕ್ಕವನು ಓಡುವುದಾದರೂ ಎಲ್ಲಿಗೆ?

ಇಂಥವನ ಬೆರಳ ತುದಿಗಳು ಜೋಮು ಹಿಡಿದವು. ಗುಂಡುಸೂಜಿ ಚುಚ್ಚಿದರೂ ತಿಳಿಯದು. ಬಟ್ಟೆಯ ಒಳಮೈ ಯಾವುದು, ಹೊರಮೈ ಯಾವುದು ಎಂದು ಸವರಿ ಹೇಳಲಾಗದು. ಬ್ಯಾಂಕಿನವರ ಪ್ಯಾಂಟಿಗೆ ಜೇಬನ್ನು ತಿರುವುಮುರುವಾಗಿ ಹೊಲಿದುಕೊಟ್ಟ ಮೇಲೆ ಡಾಕ್ಟರ ಬಳಿ ಹೋದ. ದರ್ಜಿಗೆ ಬೆರಳು ಹೋದರೆ ಉಳಿಯುವುದು ಬಾಯೊಂದೇ, ಅದರಿಂದ ಅಂಗಿ ಹೊಲಿಯಲಾಗದು.

ಸೊಪ್ಪಿನಲ್ಲಿ ಸಿಗದ ಬಿ12 ಜೀವಸತ್ವದ ಕೊರತೆ ಎಂದು ಡಾಕ್ಟರು ಇಂಜೆಕ್ಷನ್ ಕೊಟ್ಟರು. ಜೀವನವೆಲ್ಲ ಸೂಜಿ ಹಿಡಿದವನು ಕಣ್ಣು ಮುಚ್ಚಿ ಗೋಡೆ ತಬ್ಬಿದ.

“ಇನ್ನು ಮೊಟ್ಟೆ ಮಾಂಸ ತಿಂದು ಸರಿಮಾಡ್ಕೊಳ್ಳಿ. ಇಲ್ಲಾಂದ್ರೆ ತಿಂಗಳು ತಿಂಗಳೂ ಚುಚ್ಚಿಸ್ಕೊಳ್ಳೋಕೆ ಬನ್ನಿ.”

ಸೋಲುವುದಾದರೂ ಗತ್ತಿನಿಂದ ಸೋಲಬೇಕಲ್ಲ. “ಬೋನಲ್ಲಿ ಬೆಳೆದಿದ್ದನ್ನ ನಾನು ಮುಟ್ಟೋನಲ್ಲ. ಬಯಲಲ್ಲಿ ಮೇದಿದ್ದೇ ಆಗಬೇಕು” ಎಂದು ಹೆಂಡತಿಗೆ ಸಾರಿ, ಚೀಲ ಹಿಡಿದು ಹೊರಟ.

ಮಾಂಸದಂಗಡಿಯಲ್ಲಿ ತನಿಖೆ ನಡೆಯಿತು. “ಈ ಕುರಿ ಹುಲ್ಲು ಮೇದಿತ್ತಾ?”

“ಬೆಳಗ್ಗೆ ಬಂದಿದ್ರೆ ಅದನ್ನೇ ಕೇಳಬಹುದಿತ್ತು ಯಜಮಾನ್ರೇ” ಎಂದ ಕಟುಕ, ಕತ್ತಿ ಮಸೆಯುತ್ತ.

ಅಲ್ಲಿಂದ ಗಾಜಿನ ಬಾಗಿಲ ಅಂಗಡಿ. ಒಣಹುಲ್ಲಿನ ಬುಟ್ಟಿಯಲ್ಲಿ ಮೊಟ್ಟೆ, ಮೇಲೆ ಕೋಳಿಗಳು ಗುಡ್ಡ ಹತ್ತುವ ಚಿತ್ರ. ಬೆಲೆ ಕೇಳಿದರೆ, ಒಂದು ಅಂಗಿ ಹೊಲಿದರೆ ಒಂದು ಆಮ್ಲೆಟ್ ಎನ್ನುವಂತಿತ್ತು. ಆದರೂ ತಂದ. ಹೆಂಡತಿ ಒಡೆದಳು. ಹಳದಿ, ಜ್ವರ ಬಿಟ್ಟವನ ಮುಖದಂತೆ ಬಿಳಿಚಿಕೊಂಡಿತ್ತು.

“ಹುಲ್ಲು ಬುಟ್ಟೀಲಿತ್ತು ಕಣ್ರೀ, ಕೋಳಿ ಹೊಟ್ಟೇಲಿರಲಿಲ್ಲ. ಬಯಲು ಕೋಳಿ ಗೋಡೆಯಾಚೆಗೇ ಇತ್ತಲ್ಲ, ಬೋನಿಗೆ ಹಾಕಿಸಿದ್ದು ಯಾರು?”

ಹಾಕಿಸಿದ್ದು ಇವನೇ. ಪಕ್ಕದ ಮನೆಯ ಇಸ್ತ್ರಿಯಮ್ಮನ ಕೋಳಿಗಳು ಗೋಡೆ ಹಾರಿ ಬಂದು ಇವನ ಸೊಪ್ಪಿನ ಮಡಿ ಕೆದಕುತ್ತಿದ್ದವು. ನಗರಸಭೆಯವರನ್ನು ಕರೆತಂದು, ಓಣಿ ತುಂಬ ಕೂಗಾಡಿ, ಅಷ್ಟನ್ನೂ ತಂತಿಬೋನಿಗೆ ತಳ್ಳಿಸಿದ್ದ.

ಮಾರನೆಯ ದಿನ ಅವಳ ಬಾಗಿಲಲ್ಲಿ ನಿಂತು ಕೆಮ್ಮಿದ. “ಅಕ್ಕಾ, ಕೋಳಿಗಳು ಚೆನ್ನಾಗಿವೆಯಾ?”

“ಜೈಲಲ್ಲಿರೋವು ಎಷ್ಟು ಚೆನ್ನಾಗಿರ್ತಾವೋ ಅಷ್ಟು. ಈಗ ಏನು, ಕೂಗೋದನ್ನೂ ನಿಲ್ಲಿಸಬೇಕಾ?”

“ಹೊರಗೆ ಬಿಟ್ಟು ಮೇಯಿಸಕ್ಕಾ. ಮೊಟ್ಟೆ ನಾನು ತಗೊಳ್ತೀನಿ.”

ಅವಳು ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟಳು. “ಯಾರು, ನೀನಾ ಟೇಲರಣ್ಣ?”

ಅವನು ಬೆರಳು ಚಾಚಿದ. “ಇದರಲ್ಲಿ ಏನೂ ಗೊತ್ತಾಗ್ತಿಲ್ಲ ಕಣಕ್ಕಾ. ಅಂಗಡಿ ಮುಚ್ಚಬೇಕಾಗತ್ತೆ.”

ಬರುತ್ತಿದ್ದ ನಗುವನ್ನು ಅವಳು ನುಂಗಿಕೊಂಡಳು. ಹಳೆಯದನ್ನು ಮಾತ್ರ ನುಂಗಲಿಲ್ಲ. “ನನ್ನ ಹಿತ್ತಲೆಲ್ಲ ಸಿಮೆಂಟು. ಈ ಓಣೀಲಿ ಹಸಿರು ಅನ್ನೋದಿದ್ರೆ ನಿನ್ನ ಮಡೀಲೇ. ನೀನೇ ಗೇಟು ತೆಗೆದು, ನೀನೇ ಕರಿ. ಮಾಮೂಲಿ ಮೊಟ್ಟೆ ಬೆಲೆಗೇ ಕೊಡ್ತೀನಿ.”

ಬೆಳಗ್ಗೆ ಟೇಲರ್ ಗೇಟು ತೆಗೆದು, ಆಚೀಚೆ ನೋಡಿ, “ಬಾ ಬಾ” ಎಂದು ಗಂಟಲೊಳಗೇ ಗೊಣಗಿದ.

“ಕೇಳಿಸ್ತಿಲ್ಲಣ್ಣಾ, ಭಾಷಣದ ಗಂಟಲಲ್ಲಿ ಕರಿ” ಎಂದಳು ಇಸ್ತ್ರಿಯಮ್ಮ.

ಕರೆದ. ಓಣಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಕೋಳಿಗಳು ಗೋಡೆಯ ಹಂಗಿಲ್ಲದೆ ಗೇಟಿನಿಂದಲೇ ನುಗ್ಗಿ, ಅವನು ಮಕ್ಕಳಂತೆ ಸಾಕಿದ್ದ ಸೊಪ್ಪನ್ನು ಬೇರುಸಮೇತ ಎಬ್ಬಿಸಿದವು. ಅವನು ಮೆಟ್ಟಿಲ ಮೇಲೆ ಕೂತು ತುಟಿ ಕಚ್ಚಿಕೊಂಡು ನೋಡಿದ.

ಮಡಿಗಳು ಬೋಳಾಗಿ, ಮತ್ತೆ ಬಿತ್ತಿದ್ದೂ ಬೋಳಾಗುವ ಹೊತ್ತಿಗೆ, ಬ್ಯಾಂಕಿನವರ ಹೊಸ ಪ್ಯಾಂಟಿಗೆ ಗುಂಡುಸೂಜಿ ಸಿಕ್ಕಿಸುತ್ತಿದ್ದವನು “ಸ್ಸ್” ಎಂದು ಕೈ ಎಳೆದುಕೊಂಡ. ಬೆರಳ ತುದಿಯಲ್ಲಿ ರಕ್ತದ ಒಂದು ಹನಿ. ಕಳೆದುಹೋದ ನಂಟನೊಬ್ಬ ಮನೆಗೆ ಬಂದಂತೆ ಅದನ್ನೇ ನೋಡಿದ.

“ಚುಚ್ಚಿತೇನಪ್ಪಾ?” ಎಂದರು ಬ್ಯಾಂಕಿನವರು ಕನಿಕರದಿಂದ.

ಕೇಳಿದ್ದೇ ತಪ್ಪಾಯಿತು. ಟೇಲರ್ ಕುತ್ತಿಗೆಯ ಟೇಪು ತೆಗೆದು ಅವರ ಸೊಂಟಕ್ಕೆ ಸುತ್ತಿ ಬಿಗಿಹಿಡಿದ. “ನೀವು ತಿನ್ನೋ ಮೊಟ್ಟೆ, ಆ ಕೋಳಿ ಹುಲ್ಲಿನ ಮುಖ ನೋಡಿದೆಯಾ ಸ್ವಾಮಿ? ಇಲ್ಲಿ ಕೇಳಿ...”

ಒಳಗಿನಿಂದ ಹೆಂಡತಿಯ ದನಿ ಬಂತು. “ರೀ, ಮೊದಲು ಅವರನ್ನ ಬೋನಿಂದ ಬಿಡಿ.”